ಒಂಬತ್ತು ಮನೆಗಳ ಮೌನ

ಬೆಳಗಿನ ಆರೂವರೆಗೆ ಜಂಗಮಕೋಟೆ ದಾಟಿದಾಗ ರಸ್ತೆ ಇನ್ನೂ ಮಂಜಿನೊಳಗೇ ಇತ್ತು. ಹಿಪ್ಪುನೇರಳೆ ತೋಟಗಳು ಎರಡೂ ಕಡೆ ತೇಲಿಬಂದು ತೇಲಿಹೋಗುತ್ತಿದ್ದವು. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತಮ್ಮನ ಪಕ್ಕ ಕೂತಿದ್ದ ಕಲ್ಯಾಣಿಗೆ, ಕಾರು ನಿಂತಲ್ಲೇ ನಿಂತಿದೆ, ಸೀಮೆಯೇ ಹಿಂದಕ್ಕೆ ಸರಿಯುತ್ತಿದೆ ಅನ್ನಿಸಿತು.

ಆ ಹಳೆಯ ಕಾರಿಗೆ ತಮ್ಮ ಭಾನುಪ್ರಕಾಶ್, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿ ವರ್ಷವಾಗಿತ್ತು. ಎಂಜಿನ್ನಿಗೆ ಯಾವ ಕಂಪ್ಯೂಟರ್ ಹಾಕುವುದೆಂದು ಅಕ್ಕ ತಮ್ಮ ಮೂರು ತಿಂಗಳು ಜಗಳವಾಡಿದ್ದರು. ಕಂಪನಿಯದನ್ನೇ ಉಳಿಸಿ ಪಕ್ಕಕ್ಕೊಂದು ಪುಟ್ಟ ಡಬ್ಬಿ ಸೇರಿಸಿದರೆ ಸಾಕೆಂದು ಅವನು. ಅಂಥ ಡಬ್ಬಿ ಎಂಜಿನ್ನಿಗೆ ಸುಳ್ಳು ಹೇಳಿ ದುಡಿಸುತ್ತದೆ, ಬೇಡವೆಂದು ಮೆಕ್ಯಾನಿಕಲ್ ಓದಿದ ಅವಳು. ಕೊನೆಗೆ ಅವಳು ಹೇಳಿದ್ದೇ ಬಂತು: ಎಂಜಿನ್ನಿನ ಸದ್ದನ್ನು ತಾನೇ ಆಲಿಸುವ ಹೊಸ ಕಂಪ್ಯೂಟರ್. ಪರದೆಯ ಮೇಲೆ ಚೌಕಾಬಾರದ ಹಾಗೆ ಸಾಲುಸಾಲು ಮನೆಗಳು. ಎಷ್ಟು ವೇಗಕ್ಕೆ, ಎಷ್ಟು ಗಾಳಿಗೆ, ಕಿಡಿ ಎಷ್ಟು ಮುಂಚೆ ಹಾರಬೇಕೆಂದು ಒಂದೊಂದರಲ್ಲೂ ಒಂದು ಅಂಕಿ. ತೀರಾ ಮುಂಚೆ ಹಾರಿದರೆ ಪೆಟ್ರೋಲ್ ತಾನೇ ಸಿಡಿದು ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯುತ್ತದೆ; ಆ ಬಡಿತ ಕೇಳಿದೊಡನೆ ಪರದೆ ಎಚ್ಚರಿಸಬೇಕು. ಭಾನುವಾರದ ಕಾರು ಓಟದ ಪಂದ್ಯಕ್ಕೆ ಅವರಲ್ಲಿದ್ದದ್ದು ಇದೊಂದೇ ಎಂಜಿನ್. ಒಡೆದರೆ ಇನ್ನೊಂದಿಲ್ಲ.

ಹಿಂದಿನ ಸೀಟಿನಲ್ಲಿ ಸೋದರತ್ತೆ ಅಮ್ಮಾಜಮ್ಮ, ಗಾಡಿ ಪರೀಕ್ಷೆಗೆ ಹೇಗೂ ಹೋಗುತ್ತೀರಲ್ಲ, ಕೈವಾರಕ್ಕೆ ಬಿಡಿ ಎಂದು ಹತ್ತಿಕೊಂಡವಳು. ಹುಳುಮನೆಯ ಬಾಗಿಲಲ್ಲಿ ನಿಂತು, ರೇಷ್ಮೆಹುಳು ಸೊಪ್ಪು ಮೇಯುವ ಸದ್ದಿನಿಂದಲೇ ಅವಕ್ಕೆ ಸುಖವಿದೆಯೋ ಇಲ್ಲವೋ ಹೇಳಬಲ್ಲ ಹೆಂಗಸು.

ಖಾಲಿ ರಸ್ತೆ ನೋಡಿ ಭಾನು ಆಕ್ಸಿಲರೇಟರನ್ನು ಪೂರ್ತಿ ಅದುಮಿದ. ಟರ್ಬೊ ದೂರದ ಶಂಖದಂತೆ ಊದಿತು. ಮಂಜು ಸೀಳಿಕೊಂಡು ಜಾರಿತು. ಆ ಶಂಖನಾದದ ಅಡಿಯಲ್ಲೆಲ್ಲೋ ಕಲ್ಯಾಣಿಗೆ ಮೂರು ದಿನದಿಂದ ಕಾಡುತ್ತಿದ್ದ ಸದ್ದು ಮತ್ತೆ ಕೇಳಿಸಿತು, ಸಣ್ಣಗೆ, ಚಟಪಟ. ಪರದೆ ಮಾತ್ರ ನಿರಾಳವಾಗಿತ್ತು. ಇಲ್ಲದ ಸದ್ದು ಕೇಳುವವಳು, ಹಾಕಿದ ಚಿಲಕವನ್ನೇ ಎದ್ದೆದ್ದು ನೋಡುವವಳು ಎಂದು ಮನೆಯಲ್ಲಿ ಅವಳಿಗೆ ಹೆಸರು.

"ಏಮಪ್ಪಾ ಭಾನು, ಮುಂದುಗಡೆ ಯಾರು ಕಡ್ಲೆ ಹುರೀತಿರೋದು?" ಅಂದಳು ಅಮ್ಮಾಜಮ್ಮ.

ಅಕ್ಕನ ಕಾಯಿಲೆ ಅತ್ತೆಗೂ ಅಂಟಿತೆಂದು ಭಾನು ನಕ್ಕ. ಪರದೆ ನೋಡಿ ಹೇಳು ಎಂದು ಅಕ್ಕನಿಗೆ ಅಂದ. ಕಲ್ಯಾಣಿ ಪರದೆಯಿಂದ ಕಣ್ಣು ತೆಗೆದಳು.

"ನಿಲ್ಲಿಸು ಭಾನು. ಪರದೆಗೆ ಕೇಳಿಸಲ್ಲ ಕಣೋ. ಅದರ ಕಿವಿ ಮುಚ್ಚಿದೋಳು ನಾನೇ."

ಗಾಡಿ ಹುಣಸೆಮರದ ಕೆಳಗೆ ನಿಂತಿತು. ಅವಳು ತಡವರಿಸುತ್ತ ಹೇಳಿದಳು. ಮೂರು ದಿನದ ಹಿಂದೆ ಕಂಪ್ಯೂಟರ್ ಪದೇಪದೇ ಎಚ್ಚರಿಸಿದಾಗ, ನಿನ್ನಷ್ಟೇ ಪುಕ್ಕಲಾದದ್ದನ್ನು ಹುಡುಕಿ ತಂದಿದ್ದೀಯ ಎಂದು ಅವನು ಅಂದಿದ್ದ. ನಾಚಿಕೆಯಾಗಿತ್ತು. ಅದು ಗೇರ್‌ಬಾಕ್ಸಿನ ಸದ್ದಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಪರದೆಯ ಕೆಲವು ಮನೆಗಳಲ್ಲಿ ಸಣ್ಣ ಸದ್ದನ್ನೆಲ್ಲ ಬಿಟ್ಟುಬಿಡು ಎಂದು ಕಂಪ್ಯೂಟರಿಗೆ ಬರೆದಿದ್ದಳು.

ಭಾನು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೂತ. ಬೈಯುತ್ತಾನೆಂದು ಅವಳು ಕಾದಳು. ಮಂಜಿನೊಳಗಿಂದ ಒಂದು ಎಮ್ಮೆ ಬಂದು ಬಾನೆಟ್ಟನ್ನು ಮೂಸಿ ಮಂಜಿನೊಳಕ್ಕೇ ಹೋಯಿತು.

"ಅದರ ಕಿವಿ ಬಿಚ್ಚಿ, ಆ ಮನೆಗಳಲ್ಲಿ ಕಿಡಿ ಎರಡು ಡಿಗ್ರಿ ತಡ ಮಾಡ್ತೀನಿ," ಎಂದಳು. "ಎಳೆತ ಕಮ್ಮಿಯಾಗತ್ತೆ."

"ಓಟದಲ್ಲಿ ರಮೇಶ್‌ಬಾಬು ಗಾಡಿಗಿಂತ ಹಿಂದೆ ಬೀಳ್ತೀವಲ್ಲೇ ಅಕ್ಕ."

"ಬೀಳ್ತೀವಿ. ಆದ್ರೆ ಮನೇಗೆ ಓಡಿಸ್ಕೊಂಡೇ ಬರ್ತೀವಿ."

ನಿಮ್ಮ ಪಂಚಾಯ್ತಿ ಮುಗಿಯೋ ಹೊತ್ತಿಗೆ ತಾನು ನಡೆದೇ ಕೈವಾರ ಸೇರುತ್ತೇನೆಂದು ಗೊಣಗಿದ ಅಮ್ಮಾಜಮ್ಮ, ಹಾಗನ್ನುತ್ತಲೇ ಸೆರಗು ಹೊದ್ದು ಒರಗಿದಳು.

ಭಾನು ಲ್ಯಾಪ್‌ಟಾಪನ್ನು ತನ್ನ ಕಡೆಗೂ ಸ್ವಲ್ಪ ತಿರುಗಿಸಿಕೊಂಡ.

"ಎಷ್ಟು ಮನೇಲಿ ಹಿಂಗೆ ಮಾಡಿದೀಯ?"

"ಒಂಬತ್ತು."

"ತೋರ್ಸು."

ಅವಳು ಮೊದಲನೆಯದರ ಮೇಲೆ ಬೆರಳಿಟ್ಟಳು. ಬಿಸಿಲು ಇನ್ನೂ ಬಂದಿರಲಿಲ್ಲ, ಅವಸರವೂ ಇರಲಿಲ್ಲ.