ರೆಕ್ಕೆ ಬರೆದ ಹೆಲ್ಮೆಟ್

ಬೈಕ್ ಇರುವ ಮನೆಯಲ್ಲಿ ಒಂದಲ್ಲ ಒಂದು ದಿನ ಯಾರಾದರೂ ಬಿದ್ದೇ ಬೀಳುತ್ತಾರೆ. ಬಿದ್ದವರು ಎದ್ದು, ಮೈ ಕೊಡವಿಕೊಂಡು, ಯಾರಾದರೂ ನೋಡಿಬಿಟ್ಟರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸಿ, ಮೊದಲು ನೋಡುವುದು ಪೆಟ್ರೋಲ್ ಟ್ಯಾಂಕನ್ನು. ಆಮೇಲೆ ಕನ್ನಡಿ. ಆಮೇಲೆ ಮೊಣಕೈ. ಹೆಲ್ಮೆಟ್ಟನ್ನು ತೆಗೆದು, ಧೂಳು ಒರೆಸಿ, ಮತ್ತೆ ತಲೆಗೇರಿಸಿಕೊಂಡು ಹೊರಟುಬಿಡುತ್ತಾರೆ. ಹಾಗೆ ಹೊರಟವರ ಕಥೆ ಇದು. ಸ್ವಲ್ಪ ಹತ್ತಿರ ಬಂದು ಕೂತು ಕೇಳಿ.

ಹೆದ್ದಾರಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಗಂಡ ಹೆಂಡತಿ ಇಬ್ಬರದೂ ಕೆಲಸ. ಗಂಡ ವಾಹನಗಳ ನೆಗ್ಗು ಎತ್ತುವವನು. ಬಿರುಕಿಗೆ ಪುಟ್ಟಿ ತುಂಬಿ, ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಸಪಾಟು ಮಾಡಿ, ಮೇಲೆ ಬಣ್ಣ ಹೊಡೆದನೆಂದರೆ, ಗಾಡಿ ಹುಟ್ಟಿದಾಗಲೂ ಅಷ್ಟು ಚೆಂದವಿತ್ತೋ ಇಲ್ಲವೋ ಎನ್ನಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಮಾಯಗಾರ. ಬಣ್ಣ ಒಣಗಿದ ಮೇಲೆ ಹೆಂಡತಿಯ ಸರದಿ. ಬೆಕ್ಕಿನ ಮೀಸೆಯಷ್ಟು ಸಣ್ಣ ಕುಂಚ ಹಿಡಿದು ಅವಳು ಟ್ಯಾಂಕಿನ ಮೇಲೆ ಗೆರೆ ಎಳೆಯುತ್ತಿದ್ದಳು, ಬಳ್ಳಿ ಹಬ್ಬಿಸುತ್ತಿದ್ದಳು. ಅವಳನ್ನು ಚಿತ್ರದವಳು ಎನ್ನುತ್ತಿದ್ದರು.

ಇಬ್ಬರಿಗೂ ದೂರದ ದಾರಿಯ ಹುಚ್ಚು. ಅಂಥದೇ ಹುಚ್ಚಿನ ಇನ್ನಷ್ಟು ಜನರ ಒಂದು ಗುಂಪೂ ಇತ್ತು. ಹೋದ ವರ್ಷ ಚಿತ್ರದವಳು ಗಂಡನ ಬೆನ್ನ ಹಿಂದೆ ಕೂತು ಐದು ದಿನ ಸುತ್ತಿ ಬಂದಿದ್ದಳು. ಬೆಳಗಿನ ಮಂಜು ಕೆನ್ನೆಗೆ ತಾಗುವುದು, ಒಂದು ಏರು ಹತ್ತಿ ಇಳಿಯುವಷ್ಟರಲ್ಲಿ ಗಾಳಿಯ ವಾಸನೆಯೇ ಬದಲಾಗುವುದು, ಬೈಕು ಪಂಕ್ಚರಾಗಿ ಗುರುತು ಪರಿಚಯ ಇಲ್ಲದವರ ಜಗುಲಿಯಲ್ಲಿ ಕೂತು ನೀರು ಕುಡಿದದ್ದು, ಎಲ್ಲವೂ ಅವಳಿಗೆ ಕಥೆಯೊಳಗೆ ನಡೆದುಹೋದ ಹಾಗೆ ಅನಿಸಿತ್ತು. ಈಗ ಮತ್ತೆ ಹೊರಡುವವರಿದ್ದರು. ಈ ಸಲ ಹನ್ನೊಂದು ದಿನ. ಸೀಟಿನ ಎರಡೂ ಕಡೆ ಚೀಲ ಕಟ್ಟಿ ಆಗಿತ್ತು.

ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಸವಾರಿಯಲ್ಲಿ ಬಿದ್ದು ಹೆಲ್ಮೆಟ್ ಒಡೆದುಕೊಂಡವರು ಅದನ್ನು ಎಸೆಯುತ್ತಿರಲಿಲ್ಲ. ನೇರ ಮಾಯಗಾರನ ಶೆಡ್ಡಿಗೆ ತರುತ್ತಿದ್ದರು. ಅವನು ಪುಟ್ಟಿ ತುಂಬಿ ಬಣ್ಣ ಹೊಡೆಯುತ್ತಿದ್ದ. ಅದರ ಮೇಲೆ ಚಿತ್ರದವಳು ಬಂಗಾರದ ಬಣ್ಣದಲ್ಲಿ ಒಂದು ಜೊತೆ ರೆಕ್ಕೆ ಬರೆಯುತ್ತಿದ್ದಳು. ಬಿದ್ದು ಎದ್ದವರಿಗೆ ಮಾತ್ರ ರೆಕ್ಕೆ! ರೆಕ್ಕೆ ಇಲ್ಲದವರನ್ನು "ಇನ್ನೂ ಮೊಟ್ಟೆಯೊಳಗೇ ಇದ್ದೀಯಲ್ಲೋ" ಎಂದು ಕಿಚಾಯಿಸುತ್ತಿದ್ದರು. ಇಲ್ಲಿಯವರೆಗೆ ಅವಳು ಏಳು ಹೆಲ್ಮೆಟ್‌ಗಳಿಗೆ ರೆಕ್ಕೆ ಬರೆದಿದ್ದಳು.

ಏಳನೆಯದು ಗಂಡನದೇ. ಮೂರು ತಿಂಗಳ ಹಿಂದೆ ತಿರುವಿನಲ್ಲಿ ಜಾರಿ ಕಲ್ಲಿಗೆ ತಲೆ ಹೊಡೆದುಕೊಂಡಿದ್ದ. ಹೆಲ್ಮೆಟ್ ಸೀಳಿತು, ತಲೆ ಉಳಿಯಿತು. ಮನೆಗೆ ಬಂದವನು ಅದನ್ನು ರಿಪೇರಿ ಮಾಡಿ, ತನಗೆ ಹೊಸದು ಕೊಂಡು, ಅದನ್ನು ಹೆಂಡತಿಯ ಕೈಗಿಟ್ಟಿದ್ದ.

"ನನ್ನ ಜೀವ ಉಳಿಸಿದ್ದು ಕಣೇ ಇದು. ಪೆಟ್ಟು ತಿಂದು ಪಾಸಾಗಿದೆ. ಹೊಸದನ್ನ ಯಾರು ನಂಬ್ತಾರೆ? ಇದು ನಿನಗೆ."

ಅವಳ ಕಣ್ಣು ತುಂಬಿ ಬಂದಿತ್ತು. ಅಷ್ಟು ಪ್ರೀತಿಯಿಂದ ಕೊಟ್ಟಿದ್ದ.

ಹೊರಡುವ ಹಿಂದಿನ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶೆಡ್ಡಿನ ಬಾಗಿಲಿಗೆ ಮಾಯಗಾರನ ಅಕ್ಕ ಬಂದು ನಿಂತಳು. ಅವಳು ದೊಡ್ಡಾಸ್ಪತ್ರೆಯ ಅಪಘಾತ ವಿಭಾಗದಲ್ಲಿ ನರ್ಸು. ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಕಾಲಲ್ಲಿ ಇನ್ನೂ ಆಸ್ಪತ್ರೆಯ ಬಿಳಿ ಚಪ್ಪಲಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದನ್ನು ಬೆಂಚಿನ ಮೇಲೆ ಮಗುಚಿದಳು. ಎರಡು ಹೋಳಾದ ಹೆಲ್ಮೆಟ್ ಉರುಳಿ ಬಿತ್ತು.

ಮಾಯಗಾರ ತಲೆ ಎತ್ತಿ ನೋಡಿದ. "ಇಟ್ಟು ಹೋಗಕ್ಕ. ನಾವು ಊರಿಂದ ಬಂದಮೇಲೆ ಎರಡೇ ದಿನದಲ್ಲಿ ಮಾಡಿಕೊಡ್ತೀನಿ."

"ಏನು ಮಾಡಿಕೊಡ್ತೀಯಾ?" ನರ್ಸಕ್ಕನ ದನಿ ತಣ್ಣಗಿತ್ತು. "ಇದು ಯಾರದು ಅಂತ ಕೇಳು ಮೊದಲು."

ಕೇಳುವ ಅಗತ್ಯ ಚಿತ್ರದವಳಿಗೆ ಇರಲಿಲ್ಲ. ಒಂದು ಹೋಳಿನ ಮೇಲೆ ಎಡಗಡೆಯ ರೆಕ್ಕೆ, ಇನ್ನೊಂದರ ಮೇಲೆ ಬಲಗಡೆಯದು. ಅವಳದೇ ಕೈ. "ಬೇಕರಿಯಣ್ಣಂದು," ಎಂದಳು.

ಬೇಕರಿಯಣ್ಣ ಗುಂಪಿನಲ್ಲೇ ಹಿರಿಯ. ಮೂರು ವಾರದ ಹಿಂದೆ ಎರಡನೇ ಸಲ ಬಿದ್ದು ಆಸ್ಪತ್ರೆ ಸೇರಿದ್ದ. ಪಾಪ, ಗ್ರಹಚಾರ ಎಂದು ಎಲ್ಲರೂ ಅಂದಿದ್ದರು.

"ಅವನ ಹೆಂಡ್ತಿ ಕೊಟ್ಟಳು," ಎಂದಳು ನರ್ಸಕ್ಕ. "ನಿಮ್ಮ ತಮ್ಮನ ಹತ್ರ ಕೊಡಿ, ಮತ್ತೆ ಹೊಸದು ಮಾಡ್ತಾನೆ, ಇವರು ಎದ್ದಮೇಲೆ ಬೇಕಾಗುತ್ತೆ ಅಂದಳು. ನಿನ್ನೆ ಅವನು ಚಮಚ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ದ ಕಣೋ. ಅದಕ್ಕೆ ಏನಂತಾರೆ ಅಂತ ಅವನಿಗೆ ನೆನಪಾಗ್ತಿಲ್ಲ. ಮಗಳನ್ನ ನೋಡಿ ಯಾರಮ್ಮ ನೀನು ಅಂದ."

"ಲಾರಿ ಗುದ್ದಿದ್ರೆ ಯಾವ ಹೆಲ್ಮೆಟ್ ತಾನೇ ಏನು ಮಾಡುತ್ತಕ್ಕ..." ಎಂದ ಮಾಯಗಾರ.

"ಯಾವ ಲಾರಿ? ಲಾರಿನೂ ಇಲ್ಲ ಗೀರಿನೂ ಇಲ್ಲ! ಮರಳಿನ ಮೇಲೆ ಜಾರಿದ್ದು. ಸೈಕಲ್ ಹೋಗೋ ವೇಗ. ಅಂಥ ಪೆಟ್ಟಿಗೆ ಒಳ್ಳೆ ಹೆಲ್ಮೆಟ್ ಇದ್ದವನು ಎದ್ದು ಟೀ ಕುಡಿದು ಮನೆಗೆ ಹೋಗ್ತಾನೆ. ಹೆಲ್ಮೆಟ್ ಹಾಕಿದ್ನಲ್ಲ, ಆದ್ರೂ ಯಾಕೆ ಹೀಗಾಯ್ತು ಅಂತ ನಾವು ಮೂರು ವಾರ ತಲೆ ಕೆಡಿಸಿಕೊಂಡ್ವಿ. ಇವತ್ತು ಇದು ಕೈಗೆ ಬಂತು. ಬಾ ಇಲ್ಲಿ. ಅದರ ಅಂಚು ನೋಡು."

ಮಾಯಗಾರ ಹೋಳನ್ನು ಬೆಳಕಿಗೆ ಹಿಡಿದ. ಒಡೆದ ಅಂಚಿನಲ್ಲಿ ಕೇಕು ಕೊಯ್ದ ಹಾಗೆ ಪದರಗಳು ಕಾಣುತ್ತಿದ್ದವು. ಮೇಲೆ ಬಂಗಾರದ ಬಣ್ಣ, ಅದರ ಕೆಳಗೆ ಕಪ್ಪು, ಅದರ ಕೆಳಗೆ ಬೂದುಬಣ್ಣದ ಪುಟ್ಟಿ. ಅಲ್ಲಿ ಗಟ್ಟಿ ಚಿಪ್ಪು ಇರಬೇಕಿತ್ತು. ಇದ್ದದ್ದು ಬರೀ ಪುಟ್ಟಿ. ಹಳೆಯ ಬಿರುಕಿದ್ದ ಗೆರೆಯಲ್ಲೇ ಹೆಲ್ಮೆಟ್ ಬಾಯಿ ಬಿಟ್ಟಿತ್ತು. ಅವನ ಕೈಗೆ ಗೊತ್ತಾಯಿತು. ಬಾಯಿಗೆ ಇನ್ನೂ ಗೊತ್ತಾಗಲಿಲ್ಲ.

"ನನ್ನ ಕೆಲಸದಲ್ಲಿ ಒಂದು ಗೀರು ತೋರಿಸು ನೋಡೋಣ. ಗೋಡೆಗೆ ಹೊಡೆದ್ರೂ ಬಿಡದ ಪುಟ್ಟಿ ಅದು!"

"ಗೋಡೆಗೆ ಹೊಡೆಯೋಕೆ ಅವನ ತಲೆ ಏನು ಸುತ್ತಿಗೇನಾ? ಲೋ, ಹೆಲ್ಮೆಟ್ಟು ಮೇಲಿನ ಚಿಪ್ಪಲ್ಲ. ಒಳಗೆ ಥರ್ಮಾಕೋಲಿನ ಥರದ್ದು ಇದೆಯಲ್ಲ, ಕೆಲಸ ಮಾಡೋದು ಅದು. ತಲೆಗೆ ಬರೋ ಪೆಟ್ಟನ್ನ ತಾನು ಕುಗ್ಗಿ ನುಂಗಿಕೊಳ್ಳುತ್ತೆ. ಒಂದು ಸಲ ಕುಗ್ಗಿತು ಅಂದ್ರೆ ಮುಗೀತು, ಮತ್ತೆ ಉಬ್ಬಲ್ಲ. ಒಂದು ಹೆಲ್ಮೆಟ್ಟಿಗೆ ಒಂದೇ ಪೆಟ್ಟು. ಸಾಲದ್ದಕ್ಕೆ ನೀನು ಬಣ್ಣಕ್ಕೆ ಬೆರೆಸೋ ಥಿನ್ನರ್ ಹಾಕಿ ಒರೆಸ್ತೀಯ, ಅದು ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ, ಒಳಗಿನದನ್ನೂ ತಿನ್ನುತ್ತೆ."

"ನಂದು ಪೆಟ್ಟು ತಿಂದು ಗಟ್ಟಿಯಾಗಿದೆ..."

"ಪೆಟ್ಟು ತಿಂದು ಗಟ್ಟಿಯಾಗೋಕೆ ಅದೇನು ನಿನ್ನ ಬೆನ್ನಾ? ಅಮ್ಮ ಅಷ್ಟು ಹೊಡೆದ್ಲು, ಅದೂ ಗಟ್ಟಿಯಾಗಿದ್ದು ಕಾಣೆ."

ಚಿತ್ರದವಳು ಅಷ್ಟರಲ್ಲಿ ಚೀಲದ ಪಕ್ಕಕ್ಕೆ ತೂಗುಹಾಕಿದ್ದ ತನ್ನ ಹೆಲ್ಮೆಟ್ಟನ್ನು ಎತ್ತಿಕೊಂಡಿದ್ದಳು. ಒಳಗಿನ ಬಟ್ಟೆಯ ಗುಂಡಿ ಬಿಚ್ಚಿ ಎಳೆದು ತೆಗೆದಳು. ಗಂಡ ಅದನ್ನು ಯಾವತ್ತೂ ಬಿಚ್ಚಿರಲಿಲ್ಲ. ಹೊರಗೆ ಬಣ್ಣ ಬಳಿಯುವವನಿಗೆ ಒಳಗೇನು ಕೆಲಸ? ಬಿಳಿಯ ಥರ್ಮಾಕೋಲಿನ ಮೇಲೆ ಹೆಬ್ಬೆರಳಿಟ್ಟು ನಿಧಾನ ಸವರುತ್ತಾ ಹೋದಳು. ಮುಂದೆ ನುಣುಪು. ಎಡಕ್ಕೆ ನುಣುಪು. ಬಲಗಿವಿಯ ಮೇಲ್ಗಡೆ ಬೆರಳು ಸರಕ್ಕನೆ ಇಳಿಯಿತು. ಒಂದು ಗುಳಿ. ಗಂಡನ ತಲೆ ಕೂತಿದ್ದ ಗುಳಿ. ಸುತ್ತ ಸಣ್ಣ ಸಣ್ಣ ಬಿರುಕುಗಳು.

ಮೊದಲು ಅವಳಿಗೆ ನರ್ಸಕ್ಕನ ಮೇಲೇ ಸಿಟ್ಟು ಬಂತು. ಹೊರಡುವ ಹೊತ್ತಿಗೇ ಬರಬೇಕಿತ್ತೇ ಇವಳು? ಆಮೇಲೆ ಗಂಡನ ಹೊಸ ಹೆಲ್ಮೆಟ್ ಕಣ್ಣಿಗೆ ಬಿತ್ತು. ಅದರೊಳಗೂ ಬೆರಳಾಡಿಸಿದಳು. ಎಲ್ಲೂ ಗುಳಿಯಿಲ್ಲ. ಎರಡನ್ನೂ ಗಂಡನ ಮುಂದೆ ಹಿಡಿದಳು.

"ಹೊಸದು ನಿಮಗೆ. ಸತ್ತದ್ದು ನನಗೆ."

"ಹಾಗನ್ಬೇಡ ಕಣೇ. ನಾನು ಪ್ರೀತಿಯಿಂದ..."

"ಪ್ರೀತಿಯಿಂದಾನೇ ಕೊಟ್ರಿ. ನಾನೂ ಪ್ರೀತಿಯಿಂದಾನೇ ರೆಕ್ಕೆ ಬರೆದೆ! ಬೇಕರಿಯಣ್ಣನಿಗೂ ಬರೆದೆ, ಬಣ್ಣ ಒಣಗೋವರೆಗೂ ಊದಿ ಊದಿ ಬರೆದೆ. ಈಗ ಹೋಗಿ ಅವನ ಮಗಳಿಗೆ ಏನು ಹೇಳಲಿ? ಚೆನ್ನಾಗಿ ಬರೆದಿದ್ದೆ ಕಣಮ್ಮಾ ಅಂತಲಾ?" ಅವಳು ಕುಂಚದ ಡಬ್ಬಿಯನ್ನು ಎತ್ತಿ ನೆಲಕ್ಕೆ ಬಡಿದಳು. ಬಂಗಾರದ ಬಣ್ಣ ಮಾಯಗಾರನ ಕಾಲಿನವರೆಗೂ ಹರಿಯಿತು. ಅವನು ಕಾಲು ಹಿಂದೆಗೆಯಲಿಲ್ಲ.

"ಸುಮ್ನೆ ಯಾಕೆ ನಿಂತಿದ್ದೀರಿ? ನಿಜ ಹೇಳಿ, ಬಿರುಕು ಎಷ್ಟು ಆಳ ಇತ್ತು?"

ಅವನು ಕೈಯಲ್ಲಿದ್ದ ಹೋಳನ್ನು ಬೆಂಚಿನ ಮೇಲಿಟ್ಟ. ಆಮೇಲೆ, "ಬೇಕರಿಯಣ್ಣಂದು... ಬೆಳಕು ಆಚೆಗೆ ಕಾಣ್ತಿತ್ತು," ಎಂದ. "ಇದನ್ನೂ ಮಾಯ ಮಾಡ್ತೀನಿ ನೋಡು ಅನ್ನಿಸ್ತು ಅಷ್ಟೇ."

ಚಿತ್ರದವಳು ಬೆರಳು ಮಡಚತೊಡಗಿದಳು. ಒಂದು ಬೇಕರಿಯಣ್ಣನದು. ಒಂದು ತನ್ನ ಕೈಯಲ್ಲಿದೆ. ನಾಲ್ಕು ಇದೇ ಊರಲ್ಲಿವೆ. ಉಳಿದ ಒಂದಕ್ಕೆ ಬರುತ್ತಲೇ ಅವಳ ಬೆರಳು ನಿಂತಿತು.

"ಗಡಿಯಾರ!"

ಗಡಿಯಾರ ಎಂದರೆ ಗುಂಪಿನಲ್ಲಿದ್ದ ವಾಚು ರಿಪೇರಿಯವನು. ಇವರಿಗಿಂತ ಒಂದು ದಿನ ಮುಂಚೆ, ಅಂದರೆ ಅವತ್ತೇ ಬೆಳಿಗ್ಗೆ ಒಬ್ಬನೇ ಹೊರಟಿದ್ದ. ಘಾಟಿಯ ಬುಡದಲ್ಲಿ ಕಾದು, ಇವರ ಜೊತೆ ಮೇಲೇರುವವನಿದ್ದ. ತಲೆ ಮೇಲೆ ರೆಕ್ಕೆಯಿತ್ತು.

ಫೋನು ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ನಿಂತಿತು. ನರ್ಸಕ್ಕ ಬೆಂಚಿನ ತುದಿಗೆ ಕೂತಳು. ಮಾಯಗಾರ ಬಾಗಿಲಿಗೆ ಹೋಗಿ ಹೆದ್ದಾರಿಯನ್ನೇ ನೋಡುತ್ತಾ ನಿಂತ, ಅಲ್ಲಿಂದ ಅವನು ಕಾಣುತ್ತಾನೆಂಬಂತೆ. ಐದನೆಯ ಸಲಕ್ಕೆ ಗಡಿಯಾರ ಎತ್ತಿದ.

"ಏನು ತಂಗೀ, ಒಂದು ದಿನ ಕೂಡ ಬಿಟ್ಟಿರೋಕಾಗಲ್ವಾ? ಪೆಟ್ರೋಲ್ ಹಾಕಿಸ್ತಿದ್ದೀನಿ. ದಾರಿ ಅಂದ್ರೆ ಬೆಣ್ಣೆ!"

"ಅಣ್ಣಾ, ಹೆಲ್ಮೆಟ್ ತೆಗೆದು ಪಕ್ಕಕ್ಕಿಡು. ಮತ್ತೆ ಹಾಕಬೇಡ. ಬೈಕೂ ಹತ್ತಬೇಡ."

ಹೇಳಿದ್ದೆಲ್ಲ ಕೇಳಿ ಅವನು ನಕ್ಕ. "ನೀನೇ ಬರೆದ ರೆಕ್ಕೆ, ಈಗ ನೀನೇ ಕೀಳ್ತೀಯಾ?"

"ನಾನೇ ಬರೆದೆ, ಅದಕ್ಕೇ ಹೇಳ್ತಿದ್ದೀನಿ."

"ಸರಿ ಮಾರಾಯ್ತಿ, ಹನ್ನೆರಡು ಕಿಲೋಮೀಟರು ಮುಂದೆ ದೊಡ್ಡ ಪೇಟೆ ಇದೆ. ಮೆಲ್ಲಗೆ ಓಡಿಸ್ಕೊಂಡು ಹೋಗಿ ಹೊಸದು ತಗೋತೀನಿ."

"ಬೇಡ. ಬೈಕ್ ಅಲ್ಲೇ ಬಿಟ್ಟು ಬಸ್ಸಲ್ಲಿ ಹೋಗು."

"ಸಾವಿರ ಕಿಲೋಮೀಟರ್ ಹೊಡೆಯೋನು ಹೆಲ್ಮೆಟ್ ಕೊಳ್ಳೋಕೆ ಬಸ್ಸಲ್ಲಿ ಹೋದ ಅಂದ್ರೆ ಜನ ನಗ್ತಾರೆ."

"ನಗಲಿ! ಬೇಕರಿಯಣ್ಣನ್ನ ನೋಡಿ ಯಾರಾದ್ರೂ ನಗ್ತಿದ್ದಾರಾ?" ಅವಳ ಕೂಗಿಗೆ ಪಕ್ಕದ ವೆಲ್ಡಿಂಗ್ ಅಂಗಡಿಯ ಸದ್ದೂ ನಿಂತಿತು.

ಮಾಯಗಾರ ಬಂದು ಫೋನು ಇಸಕೊಂಡ. "ಲೋ ಗಡಿಯಾರ, ನಾನು. ನಿಂದು ಹಿಂದ್ಗಡೆ ಸೀಳಿತ್ತು ಕಣೋ. ನಾನು ನೋಡಿದ್ದೆ. ನಿನಗೆ ಹೇಳಲಿಲ್ಲ. ನೀನು ತಲೆ ಮೇಲೆ ಹೊತ್ಕೊಂಡಿರೋದು ಹೆಲ್ಮೆಟ್ ಅಲ್ಲ, ನನ್ನ ಪುಟ್ಟಿ. ಬಸ್ ಹತ್ತೋ. ಕಾಲಿಗೆ ಬೀಳ್ತೀನಿ."

ಆ ಕಡೆಯಿಂದ "ಹೂಂ," ಎಂದಷ್ಟೇ ಬಂತು. ಎರಡು ಗಂಟೆಯ ಮೇಲೆ ಒಂದು ಫೋಟೊ ಬಂತು. ಬಸ್ ನಿಲ್ದಾಣ, ಗಡಿಯಾರನ ಮುನಿದ ಮುಖ, ತಲೆಯ ಮೇಲೆ ಏನೂ ಬರೆಯದ ಹೊಸ ಹೆಲ್ಮೆಟ್.

ಅವರು ಮರುದಿನ ಹೊರಡಲಿಲ್ಲ. ಕಟ್ಟಿದ ಚೀಲ ಕಟ್ಟಿದ ಹಾಗೇ ಇತ್ತು. ಗಂಡ ಹೆಂಡತಿ ರೆಕ್ಕೆಯ ಹೆಲ್ಮೆಟ್ ವಾಪಸು ಕೇಳಲು ನಡೆದೇ ನಾಲ್ಕು ಮನೆಗೆ ಹೋದರು. ಮೂವರು ಬಾಯಿ ಮುಚ್ಚಿಕೊಂಡು ಕೊಟ್ಟರು. ನಾಲ್ಕನೆಯವನು ಲಾರಿ ಆಫೀಸಿನ ಗುಮಾಸ್ತ, "ನನ್ನ ಗೌರವದ ಪ್ರಶ್ನೆ, ಕೊಡಲ್ಲ" ಎಂದು ಹಟ ಹಿಡಿದ. ನರ್ಸಕ್ಕ ಹೇಳಿದ್ದನ್ನು ಚಿತ್ರದವಳು ಒಂದೊಂದಾಗಿ ಹೇಳುತ್ತಿರುವಾಗ ಅವನ ಹೆಂಡತಿ ಒಳಗೆ ತರಕಾರಿ ಹೆಚ್ಚುತ್ತಿದ್ದವಳು ಚಾಕು ಹಿಡಿದೇ ಬಂದಳು. ಹೆಲ್ಮೆಟ್ಟಿನ ಪಟ್ಟಿಯನ್ನು ಕಚಕ್ಕನೆ ಕೊಯ್ದು ಅವನ ಮುಂದಿಟ್ಟಳು. "ತಗೊಳ್ಳಿ ನಿಮ್ಮ ಗೌರವ. ಶೋಕೇಸಲ್ಲಿ ಇಟ್ಕೊಳ್ಳಿ. ತಲೆ ನನಗೆ ಬೇಕು."

ಹದಿನೈದು ದಿನ ಬಿಟ್ಟು ಮಾಯಗಾರ ಮತ್ತು ಚಿತ್ರದವಳು ಹೊರಟರು, ಎರಡು ಹೊಸ ಹೆಲ್ಮೆಟ್ ತೊಟ್ಟು. ದಾರಿಯ ಸುಖ ಎಲ್ಲಿಗೂ ಹೋಗಿರಲಿಲ್ಲ. ಆದರೆ ಚಿತ್ರದವಳ ಸಿಟ್ಟೂ ಎಲ್ಲಿಗೂ ಹೋಗಲಿಲ್ಲ. ಬೇಕರಿಯಣ್ಣ ಈಗ ಮನೆಯಲ್ಲಿದ್ದಾನೆ. ದಿನಕ್ಕೆ ನಾಲ್ಕು ಹೊಸ ಮಾತು ಕಲಿಯುತ್ತಾನೆ, ಎರಡು ಮರೆಯುತ್ತಾನೆ. ಮಗಳ ಹೆಸರು ಮಾತ್ರ ಬಂದಿದೆ. ಶೆಡ್ಡಿಗೆ ಯಾರಾದರೂ ಒಡೆದ ಹೆಲ್ಮೆಟ್ ತಂದರೆ ಮಾಯಗಾರ ಅವರ ಎದುರಿಗೇ ಅದರ ಪಟ್ಟಿ ಕತ್ತರಿಸುತ್ತಾನೆ. ಬಯ್ಯುವವರು ಬಯ್ಯುತ್ತಾರೆ. ಬಯ್ಯಿಸಿಕೊಳ್ಳುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ಈಗ ಎದ್ದು ನಿಮ್ಮ ಮನೆಯ ಹೆಲ್ಮೆಟ್ ತನ್ನಿ. ಹಿಂದೆ ಕೂರುವವರದೂ ತನ್ನಿ. ಒಳಗಿನ ಬಟ್ಟೆ ಬಿಚ್ಚಿ ಹೆಬ್ಬೆರಳಲ್ಲಿ ಸವರಿ. ಗುಳಿಯಿದೆಯೇ? ಬಿರುಕಿದೆಯೇ? ಬೆರಳಿಗೆ ಸಿಗದ ಪೆಟ್ಟೂ ಇರುತ್ತದೆ, ಆದ್ದರಿಂದ ಅದನ್ನು ಹಾಕಿಕೊಂಡು ಒಮ್ಮೆ ಬಿದ್ದು ತಲೆ ಬಡಿದಿದ್ದರೆ ಏನೂ ಕಾಣದಿದ್ದರೂ ಅದರ ಕೆಲಸ ಮುಗಿದಿದೆ. ಬಣ್ಣ ಬಳಿಯಬೇಡಿ, ಥಿನ್ನರ್ ತಾಗಿಸಬೇಡಿ, ಪಾಪ ಎಂದು ಇನ್ನೊಬ್ಬರಿಗೆ ದಾನ ಮಾಡಲೇಬೇಡಿ. ಬೇರೆಯವರು ಬಳಸಿದ್ದನ್ನು ಕೊಳ್ಳಬೇಡಿ, ಅದು ಎಲ್ಲಿ ಬಿದ್ದಿತ್ತೋ ಯಾರಿಗೆ ಗೊತ್ತು? ಹೊಸದನ್ನು ಗುಣಮಟ್ಟದ ಗುರುತು ನೋಡಿ ಕೊಳ್ಳಿ, ಗದ್ದದ ಕೆಳಗೆ ಪಟ್ಟಿ ಬಿಗಿಯಿರಿ. ಹಳೆಯದರ ಪಟ್ಟಿ ಕತ್ತರಿಸಿ, ಆಮೇಲೆ ಕಸಕ್ಕೆ ಹಾಕಿ.

ಇದನ್ನು ಕೇಳುವಾಗ ನಿಮಗೂ ಸಿಟ್ಟು ಬಂದಿರಬಹುದು. ಬರಲಿ. ಕತ್ತರಿ ಕೈಗೆ ಸಿಗುವವರೆಗಾದರೂ ಅದನ್ನು ಆರಲು ಬಿಡಬೇಡಿ.