ಮಗ್ಗ ನಿಂತಾಗ

“ಮಾಯವ್ವಗ ಕಿವಿ ಕೇಳಂಗಿಲ್ಲ. ಕಿವುಡ ಮಕ್ಕಳ ಸಾಲಿಗೆ ಹಾಕು,” ಎಂದು ಶಾಲೆಯ ಮಾಸ್ತರರು ಅಂದಾಗ ಸುಂದರವ್ವನ ಪಿತ್ತ ನೆತ್ತಿಗೇರಿತು. ಇವರಿಗೆ ಕಲಿಸಲು ಬಾರದಿದ್ದರೆ ಮಗಳ ಕಿವಿ ಏನು ಮಾಡೀತು?

“ಮನ್ಯಾಗ ನಾ ಹೇಳಿದ್ದೆಲ್ಲಾ ಮಾಡ್ತಾಳ್ರಿ! ಬಂದು ನೋಡ್ರಿ,” ಎಂದು ಅವರನ್ನು ರಬಕವಿಯ ತನ್ನ ಮನೆಗೇ ಕರೆತಂದಳು.

ಒಳಗೆ ನೆಲ ನಡುಗುವ ಹಾಗೆ ಕರೆಂಟಿನ ಮಗ್ಗ ಓಡುತ್ತಿತ್ತು. ಆ ಗದ್ದಲದಲ್ಲಿ ಮನೆಮಂದಿಯೆಲ್ಲ ಕೈಸನ್ನೆಯಲ್ಲೇ ಮಾತಾಡುವವರು. ಸುಂದರವ್ವ ಬೆರಳು ತಿರುವಿದಳು. ಏಳು ವರ್ಷದ ಮಾಯವ್ವ ನೂಲು ಸುತ್ತಿದ ಕಂಡಕಿ ತಂದಳು. ಸುಂದರವ್ವ ಹೆಬ್ಬೆರಳನ್ನು ಬಾಯಿಗೆ ಒಯ್ದಳು. ಮಾಸ್ತರರಿಗೆ ನೀರು ಬಂತು. ಮಾಸ್ತರರು ಏನೋ ಕೂಗಿದರು, ಅದು ಸುಂದರವ್ವನಿಗೇ ಕೇಳಲಿಲ್ಲ. ಹಾಗಾದರೆ ಇಲ್ಲಿ ಕಿವುಡರು ಯಾರು?

ಮಾಸ್ತರರು ಅವಳನ್ನು ಬಾಗಿಲಾಚೆ ಕರೆದರು. “ಮಗ್ಗ ಬಂದ್ ಮಾಡಿ, ಹುಡಿಗಿ ಬೆನ್ನ ಹಿಂದ ನಿಂತು ಹೆಸರ ಹಿಡದು ಕರಿ, ನೋಡೂಣು.”

ಮಾಯವ್ವ ಗೋಡೆ ಕಡೆ ಮುಖ ಮಾಡಿ ಬರಿಗಾಲಲ್ಲಿ ನಿಂತಿದ್ದಳು. ಸುಂದರವ್ವ ಸ್ವಿಚ್ ಆರಿಸಿದಳು. ಮಗ್ಗ ನಿಂತಿತು, ಕಾಲಡಿಯ ನಡುಕವೂ ನಿಂತಿತು. ಮಾಯವ್ವ ತಟ್ಟನೆ ಹೊರಳಿ ನೋಡಿದಳು.

“ನೋಡಿದ್ರ್ಯಾ? ಹೊಳ್ಳಿ ನೋಡಿದ್ಲು! ಖರೆ ಯಾರದಾತ್ರಿ ಈಗ?”

ಮಾಸ್ತರರ ದನಿ ಮೆತ್ತಗಾಯಿತು.

“ನೀ ಇನ್ನೂ ಕರದ ಇಲ್ಲಲ್ಲ, ತಂಗಿ.”