ಹತ್ತನೆಯ ಪಾಲು

"ಎಂಟು," ಎಂದರು ನಿಕಾನೋರ್. ಕಲ್ಲುದೊಡ್ಡಿಯ ಇಕ್ಕಟ್ಟಾದ ಬಾಗಿಲಿನಿಂದ ಮರಿಯೊಂದು ಜಿಗಿದು ಹೊರಬಿತ್ತು. "ಒಂಬತ್ತು." ಅದರ ಬೆನ್ನಿಗೇ ಕಪ್ಪು ಮೂತಿಯ ಹೆಣ್ಣುಮರಿ ಬಂತು. ಈ ಸಲ ಹುಟ್ಟಿದವುಗಳಲ್ಲೆಲ್ಲ ದಷ್ಟಪುಷ್ಟವಾದದ್ದು ಅದೇ. ನಿಕಾನೋರ್ ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ್ದ ಕೋಲನ್ನು ಅದರ ಬೆನ್ನ ಮೇಲೆ ಉದ್ದಕ್ಕೆ ಎಳೆದರು. "ಹತ್ತು. ಇದು ದೇವರದು. ಅವನಿಗೆ ಸ್ತೋತ್ರ."

"ಸ್ತೋತ್ರ," ಎಂದಳು ಮೆಲಿತೋನಾ. ಮನಸ್ಸಿನಲ್ಲಿ ಮಾತ್ರ ಬೇರೊಂದು ಹೆಸರು ಹೇಳಿಕೊಂಡಳು. ಸಿರಿಯಾಕೊ.

ಕ್ರೈಸ್ತ ಸಭೆಯ ಹಿರಿಯರಾದ ನಿಕಾನೋರ್ ಮೃದು ಮನಸ್ಸಿನವರು. "ಬೇಕಾದ್ರೆ ಇನ್ನೊಂದು ಸಲ ಎಣಿಸೋಣ ತಾಯಿ. ಒಳ್ಳೇದೇ ಸಿಕ್ಕಿಬಿಡ್ತು," ಎಂದರು.

"ಬ್ಯಾಡ ಅಣ್ಣ. ಒಳ್ಳೇದೇ ಹೋಗ್ಲಿ. ಕೆಟ್ಟದ್ದು ಕೊಟ್ರೆ ಕೆಲಸ ಕೆಟ್ಟದಾಗೇ ಆಗ್ತದೆ."

ಯಾವ ಕೆಲಸ ಎಂದು ಅವರು ಕೇಳಲಿಲ್ಲ.

ಆರು ವರ್ಷಗಳ ಹಿಂದೆ ಅವಳ ಗಂಡ ಎವಾರಿಸ್ಟೊ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮಣ್ಣು ಮಾಡಿದ ಇಪ್ಪತ್ತನೆಯ ದಿನ ಊರಿನ ಕೂಟ ಸೇರಿತು. ಪಟ್ಟಣದಲ್ಲಿ ಲಾರಿ ಓಡಿಸಿಕೊಂಡಿದ್ದ ಮೈದುನ ಸಿರಿಯಾಕೊ ಎದ್ದು ನಿಂತು, ಸತ್ಯವೇದದ ಮೇಲೆ ಅಂಗೈ ಊರಿ, ಸರೋವರದಂಚಿನ ಹುಲ್ಲುಗಾವಲನ್ನು ಅಣ್ಣ ಬದುಕಿದ್ದಾಗಲೇ ತನಗೆ ಬಾಯಿಮಾತಿನಲ್ಲಿ ಕೊಟ್ಟಿದ್ದನೆಂದು ಆಣೆಯಿಟ್ಟ. ಯಾರ ಹತ್ತಿರವೂ ಕಾಗದವಿರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಣೆಯನ್ನು ಒಪ್ಪಿಕೊಂಡರು. ಮೆಲಿತೋನಾಳಿಗೆ ಉಳಿದದ್ದು ಮೇಲಿನ ಒಣ ಇಳಿಜಾರು, ಕಲ್ಲು, ಕುರಿಯ ನಾಲಿಗೆಗೆ ಚುಚ್ಚುವ ಒರಟು ಹುಲ್ಲು.

ಆ ವರ್ಷವೇ ಪಟ್ಟಣದಿಂದ ತಿಂಗಳಿಗೊಮ್ಮೆ ಮೋಟರ್‌ಸೈಕಲ್ಲಿನಲ್ಲಿ ಬರುವ ಬೋಧಕರು ದಶಮಾಂಶದ ವಿಚಾರ ಹೇಳಿದ್ದರು. ಹತ್ತರಲ್ಲಿ ಒಂದನ್ನು ನಿಷ್ಠೆಯಿಂದ ಕೊಡುವವರ ಬೆಳೆಯನ್ನು ತಿಂದುಹಾಕುವುದು ಏನೇ ಇರಲಿ, ದೇವರು ತಾನೇ ನಿಂತು ಅದನ್ನು ಅಟ್ಟುತ್ತಾನಂತೆ. ಹಿಂದಿನ ಬೆಂಚಿನವರು ಆಲಿಕಲ್ಲು, ಹಿಮ, ನರಿ ಎಂದೆಲ್ಲ ಪಿಸುಗುಟ್ಟಿಕೊಂಡರು. ಮೆಲಿತೋನಾಳಿಗೆ ತನ್ನದನ್ನು ತಿಂದುಹಾಕಿದವನ ಹೆಸರು ಚೆನ್ನಾಗಿ ಗೊತ್ತಿತ್ತು.

ಅಂದಿನಿಂದ ಅವಳು ಕೊಡಲು ಶುರುಮಾಡಿದಳು. ಮೊದಲ ವರ್ಷ ಹತ್ತು ಮರಿಗೆ ಒಂದು, ಮರುವರ್ಷ ಇಪ್ಪತ್ತಕ್ಕೆ ಎರಡು. ಹಿಮದಲ್ಲಿ ಒಣಗಿಸಿದ ಚುನ್ಯೊ ಆಲೂಗಡ್ಡೆ, ಕಿನುವಾ ಕಾಳು, ಮೊಟ್ಟೆ, ಚಳಿಗಾಲವಿಡೀ ಕೂತು ನೇಯ್ದ ಕಂಬಳಿ, ಎಲ್ಲದರಲ್ಲೂ ಪಾಲು. ವ್ಯಾಜ್ಯ ಹೂಡಿದವರು ತೀರ್ಪಿಗೆ ಮುಂಚೆ ನ್ಯಾಯಾಧೀಶರ ಮನೆಗೆ ಬುಟ್ಟಿ ಕಳಿಸುವ ಹಾಗಿತ್ತು ಅವಳ ಕೊಡುಗೆ. ಊರಿನವರಿಗೆ ಅದು ಭಕ್ತಿಯಾಗಿ ಕಂಡಿತು. ಪಕ್ಕದ ಮನೆಯ ಬಸಿಲಿಯಾ ನಗೆಯಾಡುತ್ತಿದ್ದಳು: "ಹಿಂಗೇ ಕೊಡ್ತಾ ಹೋದ್ರೆ ಸ್ವರ್ಗದಲ್ಲಿ ನಿಂಗೆ ಒಂದು ದೊಡ್ಡೀನೇ ಕಟ್ಟಿಸಿಡ್ತಾರೆ ಕಣೆ ಮೆಲಿತೋನಾ. ನಾನು ಬಂದಾಗ ಒಂದು ಮೂಲೆ ಕೊಡ್ತೀಯೋ, ಇಲ್ಲ ಗುರುತೇ ಇಲ್ಲ ಅಂತೀಯೋ?"

ಕೊಟ್ಟದ್ದು ಫಲಿಸಿತು ಕೂಡ. ಒಣ ಇಳಿಜಾರಿನಲ್ಲಿ ಅವಳ ಮಂದೆ ಹೆಚ್ಚುತ್ತ ಹೋಯಿತು. ಕೆಳಗೆ, ಹಸಿರು ಉಕ್ಕುವ ಹುಲ್ಲುಗಾವಲಿನಲ್ಲಿ, ಸಿರಿಯಾಕೊನ ಕುರಿಗಳು ಒಂದೊಂದಾಗಿ ಸೊರಗಿದವು. ದವಡೆಯ ಕೆಳಗೆ ನೀರು ತುಂಬಿದ ಚೀಲ ಇಳಿಬಿದ್ದು, ನಿಂತಲ್ಲೇ ಕುಸಿದವು. ಅವನು ಗುಂಡಿ ತೋಡುವುದನ್ನು ಮೆಲಿತೋನಾ ಬಂಡೆಯ ಮೇಲೆ ಕೂತು, ಹುರಿದ ಜೋಳ ಬಾಯಿಗೆ ಹಾಕಿಕೊಳ್ಳುತ್ತ ನೋಡುತ್ತಿದ್ದಳು. ಜೋಳ ಬಲು ರುಚಿಯಾಗಿರುತ್ತಿತ್ತು. ಈ ವರ್ಷ ಅವನ ಕೊನೆಯ ಕುರಿಯೂ ಹೋಯಿತು. ಹೆಂಡತಿ ಎದುವಿಗೆಸ್ ಬಟ್ಟೆ ಒಗೆಯುವ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೊರಟುಹೋದಳು.

ಅವಳ ಮೂರು ಮರಿಗಳಿಗೆ ಗುರುತು ಹಾಕಿದ ಮೇಲಿನ ಆರಾಧನೆಯ ದಿನ ನಿಕಾನೋರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಈ ಸಲದ ಕಾಣಿಕೆ ಮರಿಗಳನ್ನ ಸಂತೆಗೆ ಹೊಡೆಯೋದು ಬೇಡ ಅಂತ ಬೋಧಕರ ಹತ್ರ ಮಾತಾಡಿದ್ದೀನಿ. ನಮ್ಮಲ್ಲೇ ಒಂದು ಮನೇಲಿ ದೊಡ್ಡಿ ಬರಿದಾಗಿದೆ. ಆ ಮನೆಗೆ ಕೊಡೋಣ."

ಯಾವ ಮನೆಯೆಂದು ಹೇಳಬೇಕಾಗಿರಲಿಲ್ಲ. ಎಲ್ಲರ ತಲೆಗಳೂ ಮೆಲಿತೋನಾಳ ಕಡೆ ತಿರುಗಿದವು. ತನ್ನ ಕೈಯಿಂದ ಹೋದದ್ದು ಅವನ ಕೈಗೆ! ಎದ್ದು ಹೊರಟುಬಿಡಬೇಕೆನ್ನಿಸಿತು. ಎದ್ದೂ ನಿಂತಳು. ಆದರೆ ನಿಂತ ಮರುಗಳಿಗೆಯಲ್ಲಿ ಇದಕ್ಕಿಂತ ಒಳ್ಳೆಯದೊಂದು ಅವಳಿಗೆ ಹೊಳೆಯಿತು.

"ಮೂರು ಮರಿ ಯಾವ ಮೂಲೆಗಾಗ್ತದೆ ಅಣ್ಣ? ನಾನು ಅದರ ಮೇಲೆ ಹತ್ತು ಕುರಿ ಕೊಡ್ತೀನಿ. ಹೆಣ್ಣು. ಎಲ್ಲಾ ಗಬ್ಬದವು."

ಬಸಿಲಿಯಾ ಅವಳ ಲಂಗ ಹಿಡಿದು ಜಗ್ಗಿದಳು. "ಹುಚ್ಚು ಹಿಡೀತೇನೆ ನಿಂಗೆ?"

"ಆದ್ರೆ ನಾನೇ ಕೈಯಾರೆ ಕೊಡ್ಬೇಕು. ಇಲ್ಲೇ, ಅಂಗಳದಲ್ಲಿ, ಎಲ್ಲರೂ ಇರೋವಾಗ."

ನಿಕಾನೋರ್ ಅವಳ ಹತ್ತಿರ ಬಂದು ದನಿ ತಗ್ಗಿಸಿದರು. "ಕೊಡೋದನ್ನ ಗುಟ್ಟಾಗಿ ಕೊಟ್ರೆ ಇನ್ನೂ ಚೆಂದ ಅಲ್ವೇನಮ್ಮ?"

"ಅವನು ಕಿತ್ಕೊಂಡಿದ್ದು ಎಲ್ಲರ ಮುಂದೆ. ನಾನು ಕೊಡೋದೂ ಎಲ್ಲರ ಮುಂದೇನೇ."

ಮುಂದಿನ ವಾರ ಸಿರಿಯಾಕೊ ಬಂದ. ಟೋಪಿ ಕೈಯಲ್ಲಿತ್ತು. ಲಾರಿ ಓಡಿಸುತ್ತಿದ್ದಾಗಿನ ಹೊಟ್ಟೆ ಇಳಿದುಹೋಗಿ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು. ಮೂರು ಮರಿಗಳನ್ನು ಒಪ್ಪಿಸಿ ನಿಕಾನೋರ್ ಪಕ್ಕಕ್ಕೆ ಸರಿದರು. ಮೆಲಿತೋನಾ ಹತ್ತು ಕುರಿಗಳನ್ನು ಒಂದೊಂದಾಗಿ ಮುಂದೆ ತಂದಳು, ಒಂದೊಂದರ ಹಗ್ಗವನ್ನೂ ಬೇರೆ ಬೇರೆಯಾಗಿ ಅವನ ಕೈಗಿಟ್ಟಳು. ಹತ್ತು ಸಲ ಅವನು ಕೈಚಾಚಬೇಕಾಯಿತು.

"ತಲೆ ಎತ್ತೋ ಸಿರಿಯಾಕೊ. ಕುರಿ ನಿನ್ನ ಮುಂದಿವೆ, ನೆಲದಲ್ಲಿ ಏನು ಹುಡುಕ್ತೀಯ?"

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಅತ್ತಿಗೆ."

"ಇಟ್ಟಿದ್ದಾನೆ. ಕಾಣ್ತಿಲ್ವಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಿರಿಯಾಕೊ ಹಗ್ಗಗಳನ್ನು ಮುಂಗೈಗೆ ಸುತ್ತಿಕೊಂಡು ಹೊರಟ. ಕುರಿಗಳು ನಡೆಯಲೊಲ್ಲದೆ ಕಾಲೂರಿದವು, ಅವನು ಎಳೆದ, ಮುಗ್ಗರಿಸಿದ. ಮೆಲಿತೋನಾ ಅಂದು ಇಳಿಜಾರನ್ನು ಒಂದು ಕಡೆಯೂ ನಿಲ್ಲದೆ ಹತ್ತಿದಳು. ಚುನ್ಯೊ ಸಾರು ಇನ್ನೊಂದು ಬಟ್ಟಲು ಬಡಿಸಿಕೊಂಡಳು.

ಮೂರನೆಯ ದಿನ ಸಂಜೆ ದೊಡ್ಡಿಯ ಹೊರಗೆ ಅರಚುವ ಸದ್ದು ಕೇಳಿ ಬಂದು ನೋಡಿದರೆ ಹತ್ತೂ ಕುರಿಗಳು, ಜೊತೆಗೆ ಮೂರು ಮರಿಗಳೂ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದವು. ಹಿಂದೆಯೇ ಏದುಸಿರು ಬಿಡುತ್ತ ಸಿರಿಯಾಕೊ.

"ಅತ್ತಿಗೆ, ನಿಲ್ಲಲ್ಲ ಅಂತಾವೆ."

"ನಾಚಿಕೆ ಇಲ್ದವು. ಈ ಮನೆಯಿಂದ ಹೋದದ್ದು ಯಾವುದೂ ವಾಪಸ್ ಬರೋದಿಲ್ಲ ಅಂತ ಅವಕ್ಕೆ ಯಾರೂ ಹೇಳ್ಲಿಲ್ವೇನೋ," ಎಂದು ಮೆಲಿತೋನಾ ಒಳಹೋದಳು. ಒಲೆಗೆ ಸಗಣಿಬೆರಣಿ ಒಡ್ಡಿದಳು, ನೂಲು ಸುತ್ತಿದಳು. ಅವನು ಗೋಡೆಯಾಚೆ ಗಾಳಿಗೆ ನಿಂತೇ ಇದ್ದ. ಸಾಕೆನ್ನಿಸಿದ ಮೇಲೆ ಹೊರಬಂದು ಕುರಿಗಳನ್ನು ಅವನತ್ತ ಅಟ್ಟಿದಳು.

ಮರುದಿನವೂ ಬಂದವು. ಅದರ ಮರುದಿನವೂ. ಅವನು ನಿತ್ಯ ಬಂದು ಬಾಗಿಲಲ್ಲಿ ನಿಲ್ಲಬೇಕು, "ಅತ್ತಿಗೆ" ಎನ್ನಬೇಕು. ಇಷ್ಟು ದೊಡ್ಡ ಸುಖವನ್ನು ಅವಳು ಕೇಳಿಯೂ ಇರಲಿಲ್ಲ, ದೇವರೇ ತೂಕಕ್ಕೆ ಮೇಲೆ ಹಾಕಿ ಕೊಟ್ಟಂತಿತ್ತು. ಒಂದು ಸಂಜೆ ಕೇಳಿದಳು: "ಎದುವಿಗೆಸ್ ಬರ್ತಾಳಂತೋ?"

"ಕುರಿ ಉಳಿದ್ರೆ ಬರ್ತೀನಿ ಅಂದಿದ್ದಾಳೆ."

ಅವಳು ಕತ್ತಲಾಗುವ ಮುಂಚೆ ಹೊಡೆದುಕೊಂಡು ಹೋಗಲೆಂದು ಕುರಿಗಳನ್ನು ತಿರುಗಿಸಲು ಬಗ್ಗಿದಾಗ ಅವುಗಳ ಕಾಲು ನೋಡಿದಳು. ಗೊರಸಿನಿಂದ ಮೊಣಕಾಲಿನವರೆಗೆ ಕಪ್ಪು ಕೆಸರು ಮೆತ್ತಿತ್ತು. ಊರಿನಲ್ಲಿ ಅಷ್ಟು ಕಪ್ಪಾದ ಕೆಸರು ಇದ್ದದ್ದು ಒಂದೇ ಕಡೆ.

ಹುಲ್ಲುಗಾವಲಿನ ನಡುವೆ, ನೀರು ನಿಂತಂತೆಯೂ ಹರಿದಂತೆಯೂ ಇರುವ ಒಂದು ಕಾಲುವೆಯಿದೆ. ಅದರಂಚಿನ ಹುಲ್ಲಿನಲ್ಲಿ ಜೋಳದ ಕಾಳಿಗಿಂತ ಚಿಕ್ಕ ಬಸವನಹುಳುಗಳು ಇರುತ್ತವೆ. ಅವುಗಳಿಂದ ಹುಲ್ಲಿಗಿಳಿದು, ಅಲ್ಲಿ ಮೇಯ್ದ ಕುರಿಯ ಪಿತ್ತಜನಕಾಂಗಕ್ಕೆ ಅಲಿಕುಯಾ ಸೇರುತ್ತದೆ, ಎಲೆಯ ಹಾಗೆ ಚಪ್ಪಟೆಯಾದ ಹುಳು, ಕುರಿಯನ್ನು ಒಳಗಿನಿಂದ ಸೊರಗಿಸಿ ಕೊಲ್ಲುವಂಥದು. ಎವಾರಿಸ್ಟೊ ಇದನ್ನು ತನ್ನ ಅಜ್ಜನಿಂದ ಕಲಿತಿದ್ದ. ಕಾಲುವೆಯ ಎರಡೂ ಕಡೆ ತಂತಿ ಬಿಗಿದು, ಮಂದೆಯನ್ನು ಆಚೆಯ ದಿಬ್ಬದಲ್ಲೇ ಮೇಯಿಸುತ್ತಿದ್ದ. ಭೂಮಿ ಬಿಟ್ಟುಕೊಡಬೇಕಾದ ದಿನ ಮೆಲಿತೋನಾ ಆ ತಂತಿಯನ್ನು ಕಿತ್ತು ಸುರುಳಿ ಸುತ್ತಿ ಬೆನ್ನ ಮೇಲೆ ಹೊತ್ತು ತಂದಿದ್ದಳು. ಸಿರಿಯಾಕೊ ನೋಡುತ್ತ ನಿಂತು ನಕ್ಕಿದ್ದ: "ತಗೊಂಡ್ಹೋಗಿ ಅತ್ತಿಗೆ, ಕೊರಳಿಗೆ ಹಾಕ್ಕೊಳ್ಳಿ."

ಅವಳು ಏನೂ ಹೇಳಿರಲಿಲ್ಲ. ಆಮೇಲೆ ಅವನ ಕುರಿಗಳು ಸಾಯತೊಡಗಿದಾಗ, ಅದು ತನ್ನ ಕೊಡುಗೆಗೆ ಬಂದ ಉತ್ತರವೆಂದೇ ನಂಬಿದ್ದಳು. ನಂಬಲು ಕಷ್ಟವೇನೂ ಆಗಿರಲಿಲ್ಲ.

ಆ ರಾತ್ರಿ ಪ್ರಾರ್ಥನೆಗೆ ಕೂತಳು. ಅವನ ಕುರಿ ಸಾಯಲಿ ಎಂದು ಆರು ವರ್ಷ ಬೇಡಿದ್ದಳು. ಈಗ ಅವನ ಕುರಿಗಳೆಂದರೆ ತಾನೇ ರಾತ್ರಿಯೆದ್ದು ಹೆರಿಗೆ ಮಾಡಿಸಿ, ಹೆಸರಿಟ್ಟು ಸಾಕಿದ ಹತ್ತು. ಹೊಟ್ಟೆಯಲ್ಲಿ ಇನ್ನೂ ಹತ್ತು. ವಾಪಸ್ಸು ಕೇಳುವಂತಿರಲಿಲ್ಲ, ಕೊಟ್ಟದ್ದನ್ನು ಊರೆಲ್ಲ ನೋಡಿತ್ತು. ಎರಡು ಸಲ "ಸ್ವಾಮೀ" ಎಂದಳು, ಮುಂದಿನ ಮಾತು ಬರಲಿಲ್ಲ. ಜೋಡಿಸಿದ ಕೈ ಬಿಡಿಸಿ ಕಂಬಳಿ ಹೊದ್ದಳು.

ಬೆಳಗ್ಗೆ ಹಿಮ ಕರಗುವ ಹೊತ್ತಿಗೆ ಅವಳು ಇಳಿಜಾರನ್ನು ಇಳಿದು ಹುಲ್ಲುಗಾವಲಿಗೆ ಬಂದಳು. ಇಲ್ಲಿ ಮತ್ತೆ ಕಾಲಿಡುವುದಿಲ್ಲವೆಂದು ಹೇಳಿಕೊಂಡಿದ್ದಳು. ನೆಲ ಮೆತ್ತಗಿತ್ತು. ಕುರಿಗಳು ಕಾಲುವೆಯಂಚಿನಲ್ಲೇ ಬಾಯಿ ಹಾಕಿದ್ದವು. ಅವಳನ್ನು ಕಂಡು ಸಿರಿಯಾಕೊ ಗಾಬರಿಯಿಂದ ಎದ್ದ.

"ಇವತ್ತು ಬಿಡ್ಲಿಲ್ಲ ಅತ್ತಿಗೆ, ನೋಡಿ, ರಾತ್ರಿಯೆಲ್ಲ ಕಟ್ಟಿಹಾಕಿದ್ದೆ..."

"ಅಲ್ಲಿ ಮೇಯಿಸ್ಬೇಡ."

"ಎಲ್ಲಿ?"

"ಆ ಕಾಲುವೆ ಹತ್ರ. ಅಲಿಕುಯಾ ಅಲ್ಲಿಂದಾನೇ ಹತ್ತೋದು, ಹುಲ್ಲಲ್ಲಿರೋ ಬಸವನಹುಳುವಿನಿಂದ. ದಿಬ್ಬದ ಮೇಲೆ ಹೊಡಿ, ಬಿಸಿಲು ಬಿದ್ದು ಹುಲ್ಲು ಒಣಗಿದ ಮೇಲೆ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ನಾನು ಔಷಧಿ ಕುಡಿಸ್ದೆ. ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಅಣ್ಣನ ಶಾಪ ಅಂದ್ಕೊಂಡೆ ಅತ್ತಿಗೆ. ಪುಸ್ತಕ ಮುಟ್ಟಿ ನಾನು ಹಾಗಂದಿದ್ದಕ್ಕೆ..." ಅವನ ಕಣ್ಣು ಕಾಲುವೆಯ ದಡದಲ್ಲಿ ಇನ್ನೂ ಉಳಿದಿದ್ದ ಗೂಟಗಳ ಮೇಲೆ ಹರಿದು ಅವಳ ಮುಖಕ್ಕೆ ಬಂತು. "ಆ ತಂತಿ. ಅದಕ್ಕಾ?"

"ಹೂಂ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಆರು ವರ್ಷ?"

ಅವಳು ಒಂದು ಕುರಿಯನ್ನು ಕಾಲುವೆಯಂಚಿನಿಂದ ಹಿಂದಕ್ಕೆ ಎಳೆದಳು.

"ನನ್ನ ಹೆಂಡ್ತಿ ಊರವರ ಬಟ್ಟೆ ಒಗೀತಿದ್ದಾಳೆ," ಎಂದ ಸಿರಿಯಾಕೊ. ದನಿ ಏರಲಿಲ್ಲ. "ನೀವು ಮೇಲೆ ಬಂಡೆ ಮೇಲೆ ಕೂತಿರೋದು ನಂಗೆ ಕಾಣ್ತಿತ್ತು. ನಾನು ಗುಂಡಿ ತೋಡೋವಾಗೆಲ್ಲ ಕಾಣ್ತಿತ್ತು. ಪಾಪ, ಅತ್ತಿಗೆಗೂ ಸಂಕಟ ಆಗ್ತದೇನೋ ಅಂದ್ಕೊಂಡಿದ್ದೆ."

ಈಗ ತಲೆ ತಗ್ಗಿದ್ದು ಮೆಲಿತೋನಾಳದು. ಬಯ್ಯುತ್ತಾನೆಂದು, ಕೈಯೆತ್ತುತ್ತಾನೆಂದು ಕಾದಳು. ಆರು ವರ್ಷಗಳಿಂದ ಕೂಡಿಟ್ಟ ಮಾತುಗಳೆಲ್ಲ ಬಾಯಿಗೆ ಬಂದವು, ನೀನು ಮಾಡಿದ್ದೇನು ಕಡಿಮೆಯೇ, ಎಂದು. ಬಂದವು ಬಂದ ಹಾಗೆಯೇ ಇಳಿದುಹೋದವು. ಎದೆಯೊಳಗೆ ಏನೋ ಖಾಲಿಯಾದಂತೆ, ಆ ಖಾಲಿಯೊಳಗೆ ತಣ್ಣಗೆ ಗಾಳಿ ಆಡಿದಂತೆ ಆಯಿತು. ಸುಖವೆನ್ನುವಂತಿರಲಿಲ್ಲ ಅದು. ಆದರೆ ಉಸಿರು ತಳದವರೆಗೂ ಇಳಿಯುತ್ತಿತ್ತು.

ಕುರಿಗಳ ಪಕ್ಕೆಗೆ ಅಂಗೈ ತಟ್ಟಿ, ನಾಲಿಗೆಯಿಂದ ಸಣ್ಣಗೆ ಸದ್ದು ಮಾಡಿ, ಅವಳು ಅವನ್ನು ದಿಬ್ಬದತ್ತ ತಿರುಗಿಸಿದಳು. ಹತ್ತೂ ಹಿಂಬಾಲಿಸಿದವು, ಅವುಗಳ ಹಿಂದೆ ಮೂರು ಮರಿಗಳೂ. ಸಿರಿಯಾಕೊ ಮಾತ್ರ ಹಿಂದೆಯೇ ಉಳಿದ. ದಿಬ್ಬದ ಅರ್ಧಕ್ಕೆ ಬಂದು ಅವಳು ತಿರುಗಿ ನೋಡಿದಳು. ಅವನು ಕಾಲುವೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒದ್ದೆ ಹುಲ್ಲನ್ನು ಒಂದೊಂದೆಳೆಯಾಗಿ ಮಗುಚುತ್ತಿದ್ದ. ಬಹಳ ಹೊತ್ತಾದ ಮೇಲೆ ಜೋಳದ ಕಾಳಿಗಿಂತ ಚಿಕ್ಕದೊಂದನ್ನು ಹೆಕ್ಕಿ ಬೆರಳ ತುದಿಯ ಮೇಲಿಟ್ಟುಕೊಂಡು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

ಮೆಲಿತೋನಾ ಮೇಲೆ ಹೋಗಲಿಲ್ಲ. ಕುರಿಗಳು ಸುತ್ತ ಹರಡಿಕೊಂಡು ಮೇಯತೊಡಗಿದವು. ಅವನು ಎದ್ದು ಬರುವುದನ್ನು ಕಾಯುತ್ತ ಅಲ್ಲೇ ನಿಂತಳು.